ಎಲ್ಲೆಗಲ್ಲಿನ ಮೇಲೆ ಕೂತ ಧಣಿ

ನಮ್ಮ ಧಣಿ ಸರ್ ಆಂಬ್ರೋಸ್ ಪೆಲ್ವಿನ್ ಊಟಕ್ಕೆ ಕೂರುತ್ತಿದ್ದದ್ದು ಡನ್‌ಸ್ಲೋ ಊರಿನ ಎಲ್ಲೆಗಲ್ಲಿನ ಮೇಲೆ. ಸುಳ್ಳಲ್ಲ. ಆ ಕಲ್ಲಿನ ಮೇಲೆ ಹಾಸುವ ಕೆಂಪು ದಿಂಬಿನ ಗವಸು ಒಗೆಯುತ್ತಿದ್ದವಳು ನಾನೇ.

ಕಲ್ಲು ಮೊದಲು ಬಯಲಿನಲ್ಲಿತ್ತು. ಈಚೆಗೆ ಧಣಿಯ ಜಮೀನು, ಆಚೆಗೆ ಊರಿನ ಗೋಮಾಳ. ನಮ್ಮ ದನ, ನಮ್ಮ ಬಾತು, ನಮ್ಮ ಸೌದೆ ಎಲ್ಲ ಆಚೆಗೇ. ಧಣಿಗೆ ದೊಡ್ಡದೊಂದು ಊಟದ ಕೋಣೆ ಬೇಕಾಯಿತು. ಪಾರ್ಲಿಮೆಂಟಿಗೆ ಹೋಗುವವರ ಮನೆಯಲ್ಲಿ ಅಂಥದು ಇರಲೇಬೇಕಂತೆ. ಮನೆ ಗೋಮಾಳದ ಕಡೆಗೆ ಬೆಳೆಯಿತು. ಗೋಡೆ ಕಲ್ಲಿನ ಹತ್ತಿರ ಬಂತು, ಕಲ್ಲನ್ನು ದಾಟಿತು, ಮುಂದೆ ಹೋಗಿ ನಿಂತಿತು. ಕಲ್ಲು ಕೋಣೆಯ ಒಳಗೆ ಉಳಿಯಿತು.

ಕೀಳಿಸಬಹುದಿತ್ತು. ಆದರೆ ಎಲ್ಲೆಗಲ್ಲು ಕಿತ್ತವರಿಗೆ ಶಾಪ ತಟ್ಟಲಿ ಎಂದು ನಮ್ಮ ಚರ್ಚಿನಲ್ಲಿ ವರ್ಷಕ್ಕೊಮ್ಮೆ ಓದುತ್ತಾರೆ. ಎಲ್ಲರೂ ಆಮೆನ್ ಎನ್ನಬೇಕು. ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎನ್ನುವವರು ಧಣಿಯೇ. ಹಾಗಾಗಿ ಕೀಳಿಸಲಿಲ್ಲ. ಮೇಲೆ ದಿಂಬು ಹಾಸಿಸಿ, ಹಿಂದೆ ಕೆತ್ತನೆಯ ಹಲಗೆ ನಿಲ್ಲಿಸಿ, ತಮ್ಮ ಆಸನ ಮಾಡಿಕೊಂಡರು. ಕಿತ್ತಿಲ್ಲವಲ್ಲ, ಬರೀ ಕೂತಿದ್ದೇನೆ ಎಂದು ಅವರ ವಾದ. ಶಾಪದ ಬಾಯನ್ನೂ ಮುಚ್ಚಿಸಿದ ಜಾಣ.

ಆಮೇಲೆ ಗೋಮಾಳದ ಸುತ್ತ ಮುಳ್ಳಿನ ಬೇಲಿ ಬಂತು. ಬೇಲಿಯೊಳಗೆ ಧಣಿಯ ಕುರಿಗಳು ಬಂದವು. ಕುರಿಗೆ ಉಣ್ಣೆಯಿದೆ, ಉಣ್ಣೆಗೆ ಬೆಲೆಯಿದೆ. ನಮ್ಮ ಮಕ್ಕಳ ಮೈಮೇಲೆ ಉಣ್ಣೆ ಬೆಳೆಯುವುದಿಲ್ಲ.

ನನಗೆ ಒಂದು ಹಸು, ಚೆರ್ರಿ. ಇಬ್ಬರು ಹೆಣ್ಣುಮಕ್ಕಳು, ಅವಿಸ್ ಮತ್ತು ಪ್ರೂ. ಪ್ರೂಗೆ ಇನ್ನೂ ಎರಡು ತುಂಬಿರಲಿಲ್ಲ. ಬ್ರೆಡ್ಡು ಕೊಟ್ಟರೆ ಕಕ್ಕುತ್ತಿದ್ದಳು, ಬಟಾಣಿ ಗಂಜಿ ಕೊಟ್ಟರೆ ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದಳು. ಹಾಲೊಂದೇ ಅವಳ ಹೊಟ್ಟೆಯಲ್ಲಿ ನಿಲ್ಲುತ್ತಿದ್ದದ್ದು. ಹುಲ್ಲಿನಿಂದ ಹಸು, ಹಸುವಿನಿಂದ ಪ್ರೂ. ನಡುವೆ ಬೇಲಿ.

ಚೆರ್ರಿಯನ್ನು ಮನೆಯ ಮುಂದೆ ಕಟ್ಟಿದೆ. ದಾರಿ ಬದಿಯ ಹುಲ್ಲು ತಿಂದಳು. ಅದು ಮುಗಿಯಿತು. ಚಳಿಗಾಲದಲ್ಲಿ ಒಂದು ಬೆಳಿಗ್ಗೆ ತಲೆ ಎತ್ತಿ ನಮ್ಮ ಸೂರನ್ನು ನೋಡಿದಳು. ಹುಲ್ಲಿನ ಸೂರು, ತಗ್ಗಿನ ಸೂರು. ಒಂದು ಬಾಯಿ ಎಳೆದಳು. ನನ್ನ ಕೈಯಲ್ಲಿ ಪೊರಕೆಯಿತ್ತು. ಹೊಡೆಯಲಿಲ್ಲ. ನಿಧಾನಕ್ಕೆ ತಿನ್ನು ತಾಯಿ ಎಂದೆ. ಅಂದಿನಿಂದ ಅವಳು ನಮ್ಮ ಮನೆ ತಿಂದು ನಮಗೆ ಹಾಲು ಕೊಟ್ಟಳು. ಮಳೆ ಬಂದರೆ ಅವಳಿನ್ನೂ ತಿಂದಿರದ ಕಡೆ ಮಕ್ಕಳನ್ನು ಮಲಗಿಸುತ್ತಿದ್ದೆ. ಈಸ್ಟರ್ ಹಬ್ಬದ ಹೊತ್ತಿಗೆ ಒಲೆಯ ಮುಂದೆ ಕೂತೇ ಮೋಡ ನೋಡಬಹುದಿತ್ತು. ಹಾಲು ಒಂದು ಬಟ್ಟಲಿಗೆ ಇಳಿದಿತ್ತು. ಪ್ರೂಳ ಕಾಲು ಎಷ್ಟು ಸಣ್ಣಗಾಗಿತ್ತೆಂದರೆ ಕಾಲುಚೀಲ ನಿಲ್ಲುತ್ತಿರಲಿಲ್ಲ.

ಬೇಲಿ ಕೀಳಲು ಮೊದಲು ಗಂಡಸರು ಹೋಗಿದ್ದರು. ನನ್ನ ಗಂಡ ರೇಫ್ ಮುಂದಿದ್ದ. ಸಿಕ್ಕಿಬಿದ್ದರು. ನಮ್ಮ ಸೀಮೆಯಲ್ಲಿ ನ್ಯಾಯ ಹೇಳುವವರು ಸರ್ ಆಂಬ್ರೋಸ್. ದೂರು ಕೊಟ್ಟವರು ಸರ್ ಆಂಬ್ರೋಸ್. ಪೀಠದ ಮೇಲೆ ಕೂತು, ಸರ್ ಆಂಬ್ರೋಸರಂಥ ದೊಡ್ಡ ಮನುಷ್ಯರಿಗೆ ಆದ ನೋವಿನ ಬಗ್ಗೆ ಬಹಳ ಮರುಕದಿಂದ ಮಾತಾಡಿದರು. ರೇಫ್ ಜೈಲಿಗೆ ಹೋದ.

ನಾನು ದೊಡ್ಡಮನೆಯ ಬಟ್ಟೆ ಒಗೆಯುವುದು ಬಿಡಲಿಲ್ಲ. ಬಿಟ್ಟರೆ ತಿನ್ನುವುದೇನು? ಮೇಜಿನ ಹಾಸು, ಹಾಸಿಗೆಯ ಹಾಸು, ಧಣಿಯ ಒಳಂಗಿ, ಕುತ್ತಿಗೆಗೆ ಹಾಕುವ ಗಂಜಿ ಹಾಕಿದ ಪಟ್ಟಿ. ಮೊದಲು ಬೂದಿನೀರಿನಲ್ಲಿ ನೆನೆಯಬೇಕು. ಜಿಡ್ಡು ಹೋಗಲು ಹಳೆಯ ಮೂತ್ರ ಬೇಕು. ಅದನ್ನು ದೊಡ್ಡಮನೆಯ ಗಡಿಗೆಗಳಲ್ಲೇ ಹೊತ್ತು ತರುತ್ತಿದ್ದೆ. ಬೆರಳುಗಳ ಸಂದಿ ಒಡೆದು ಒಳಗಿನ ಕೆಂಪು ಕಾಣುತ್ತಿತ್ತು. ರಾತ್ರಿ ಪ್ರೂಳ ಕೆನ್ನೆ ಸವರಿದರೆ ಅವಳು ಮುಖ ತಿರುಗಿಸುತ್ತಿದ್ದಳು. ಅಷ್ಟು ಒರಟು ಕೈ.

ಒಂದು ದಿನ ಪಾರುಪತ್ಯಗಾರ ಸ್ನೋಡ್ ನನ್ನನ್ನು ತಡೆದ.

"ಟಾಮ್ಸಿನ್, ಗಡಿಗೇಲಿ ಮಿಕ್ಕಿದ್ದು ಎಲ್ಲೋಯ್ತು?"

"ನನ್ನ ಮಕ್ಕಳ ಅಂಗಿ ನೆನೆಹಾಕ್ದೆ, ಯಜಮಾನ್ರೇ."

"ಅದು ಧಣಿಗಳದ್ದು."

"ಅವರು ಬಿಟ್ಟಿದ್ದಲ್ವಾ?"

"ಬಿಟ್ರೆ ಏನಾಯ್ತು? ದೊಡ್ಡಮನೆಯಿಂದ ಆಚೆ ಹೋದದ್ದೆಲ್ಲ ದೊಡ್ಡಮನೇದೇ. ಮುಂದಿನ ಸಲ ಮಿಕ್ಕಿದ್ದು ವಾಪಸ್ ತಂದ್ಕೊಡು."

ತಂದುಕೊಟ್ಟೆ. ಧಣಿಯ ಮೂತ್ರವನ್ನು ಧಣಿಗೇ ಹಿಂದಿರುಗಿಸಲು ಊರ ಬೀದಿಯಲ್ಲಿ ಗಡಿಗೆ ಹೊತ್ತು ನಡೆದೆ. ಸ್ನೋಡ್ ಮುಚ್ಚಳ ತೆಗೆದು ನೋಡಿ, ಸರಿಯಿದೆ ಎಂದ. ಆ ದಿನ ಮನೆಗೆ ಬಂದು ನಗಲೋ ಅಳಲೋ ತಿಳಿಯದೆ ಬಾಗಿಲಿಗೆ ಒದ್ದೆ. ಬಾಗಿಲು ಏನು ಮಾಡಿತ್ತು, ಪಾಪ.

ವಸಂತದಲ್ಲಿ ಧಣಿ ಲಂಡನ್ನಿನಿಂದ ಬಂದರು. ರಾಜ ಹೊಸ ತೆರಿಗೆ ಕೇಳಿದನಂತೆ. ನಮ್ಮ ಧಣಿ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, ಹಿಂದಿನಿಂದ ನಡೆದುಬಂದದ್ದೇ ಕಾನೂನು, ಅದನ್ನು ರಾಜನೂ ಮುಟ್ಟುವಂತಿಲ್ಲ ಎಂದರಂತೆ. ರಾಜ ರೇಗಿ ಎಲ್ಲರನ್ನೂ ಮನೆಗೆ ಅಟ್ಟಿದ. ಧಣಿ ಶೂರರಾಗಿ ಊರಿಗೆ ಬಂದರು. ಸ್ನೋಡ್ ನಮ್ಮನ್ನೆಲ್ಲ ದಾರಿಯ ಬದಿ ನಿಲ್ಲಿಸಿ, ಚರ್ಚಿನ ಗಂಟೆ ಬಾರಿಸಿ, ಜೈಕಾರ ಕೂಗಿಸಿದ. ಧಣಿ ಗಾಡಿಯ ಮೇಲೆ ಎದ್ದು ನಿಂತರು.

"ನನ್ನ ಜನಗಳೇ! ನಿಮ್ಮ ಅಜ್ಜ ಮುತ್ತಜ್ಜ ಅನುಭವಿಸ್ಕೊಂಡು ಬಂದದ್ದನ್ನ ಯಾವನೂ ಕಿತ್ಕೊಳ್ಳೋ ಹಾಗಿಲ್ಲ! ರಾಜನೂ ಇಲ್ಲ!"

ನನ್ನ ಪಕ್ಕದಲ್ಲಿ ಸಿಸ್ಲಿ ಅಜ್ಜಿ ನಿಂತಿದ್ದಳು. ಊರಿಗೆಲ್ಲ ಹಿರಿಯಳು. ಊರಿನ ಅರ್ಧ ಮಕ್ಕಳನ್ನು ಹೆರಿಗೆ ಮಾಡಿಸಿದವಳು. ಕಿವಿ ಸ್ವಲ್ಪ ಮಂದ.

"ಯಾರನ್ನ ಬಯ್ತಾವ್ನೆ?" ಎಂದಳು.

"ರಾಜನ್ನ ಕಣಜ್ಜಿ."

"ಯಾಕೆ? ರಾಜನೂ ಬೇಲಿ ಹಾಕ್ದನಾ?"

"ಇವರ ದುಡ್ಡಿಗೆ ಕೈ ಹಾಕ್ದನಂತೆ."

"ಹಾಕ್ಲಿ ಬಿಡು, ಸುಮ್ನೆ ಯಾಕೆ ಕೂಗಾಡ್ತಾನೆ." ಅಜ್ಜಿ ಮೂಗು ಒರೆಸಿಕೊಂಡಳು. ಎಲ್ಲರೂ ಜೈ ಎಂದರು. ನಾನೂ ಅಂದೆ. ಸ್ನೋಡ್ ನನ್ನ ಬಾಯನ್ನೇ ನೋಡುತ್ತಿದ್ದ.

ಯೇಸುವಿನ ಸ್ವರ್ಗಾರೋಹಣದ ಹಬ್ಬ ಬಂತು. ಆ ವಾರ ನಮ್ಮಲ್ಲಿ ಎಲ್ಲೆ ನಡಿಗೆ. ಊರಿನವರೆಲ್ಲ ಸಿಪ್ಪೆ ಸುಲಿದ ಕೋಲು ಹಿಡಿದು, ಕೀರ್ತನೆ ಹಾಡುತ್ತ, ಊರಿನ ಗಡಿಯ ಉದ್ದಕ್ಕೂ ನಡೆಯಬೇಕು. ಪ್ರತಿ ಎಲ್ಲೆಗಲ್ಲಿನ ಹತ್ತಿರ ಒಂದು ಮಗುವನ್ನು ಎತ್ತಿ ಅದರ ಮೇಲೆ ಮೂರು ಸಲ ಕುಕ್ಕಬೇಕು. ನೋವಾದರೆ ನೆನಪಿರುತ್ತದೆ. ಆ ಮಗು ಮುದುಕಿಯಾದಾಗ ಯಾರಾದರೂ ಕೇಳಿದರೆ, ಕಲ್ಲು ಇಲ್ಲೇ ಇತ್ತು, ನನ್ನನ್ನು ಕುಕ್ಕಿದ್ದರು ಎನ್ನಬಹುದು. ಅಳುವ ಮಗುವಿಗೆ ಆಮೇಲೆ ಸಿಹಿರೊಟ್ಟಿ ಕೊಡುತ್ತಾರೆ. ಬೇರೆ ಊರುಗಳಲ್ಲಿ ಗಂಡುಹುಡುಗರನ್ನೇ ಕುಕ್ಕುತ್ತಾರಂತೆ. ಪಿಡುಗು ಬಂದು ಮಕ್ಕಳು ಹೋದ ಮೇಲೆ ನಮ್ಮಲ್ಲಿ ಹೆಣ್ಣು ಗಂಡು ನೋಡುವುದಿಲ್ಲ. ಕಲ್ಲಿನ ಹತ್ತಿರ ಅಪರಿಚಿತ ಸಿಕ್ಕರೆ ಅವನನ್ನೂ ಬಿಡುವುದಿಲ್ಲ. ಧಣಿಯ ಹತ್ತಿರ ಚರ್ಮದ ಹಾಳೆಯ ನಕ್ಷೆಯಿದೆ. ನಮ್ಮ ನಕ್ಷೆ ಇರುವುದು ಕುಂಡೆಯ ಮೇಲೆ.

ಒಂದು ಮಾತು ಎಲ್ಲರಿಗೂ ಗೊತ್ತಿತ್ತು. ಯಾವ ಕಲ್ಲಿಗೆ ಜನ ಹೋಗುವುದು ನಿಲ್ಲಿಸುತ್ತಾರೋ ಆ ಕಲ್ಲು ಕೋರ್ಟಿನಲ್ಲಿ ಸತ್ತಂತೆ. ಊಟದ ಕೋಣೆ ಎದ್ದ ಮೇಲೆ ಇದೇ ಮೊದಲ ನಡಿಗೆ. ಈ ಸಲ ಆ ಕಲ್ಲಿಗೆ ಹೋಗದಿದ್ದರೆ ಗೋಮಾಳ ಹೋಯಿತು. ಗೋಮಾಳ ಹೋದರೆ ಚೆರ್ರಿ, ಚೆರ್ರಿ ಹೋದರೆ ಪ್ರೂ.

ಪಾದ್ರಿ ಹಾಲಿಸರು ಚರ್ಚಿನ ಮುಂದೆ ನಮ್ಮನ್ನು ಸೇರಿಸಿದರು. ಒಳ್ಳೆಯವರು. ಆದರೆ ಅವರ ಕೆಲಸ ಧಣಿ ಕೊಟ್ಟದ್ದು.

"ಈ ಸಲ ಬೇಲಿ ಸುತ್ತ ಬಳಸ್ಕೊಂಡು ಹೋಗೋಣ," ಎಂದರು. "ಸ್ವಲ್ಪ ಜಾಸ್ತಿ ನಡಿಗೆ ಆಗುತ್ತೆ. ಮೈಗೂ ಒಳ್ಳೇದು."

"ಎಲ್ಲೆ ಬಳಸಲ್ಲ ಪಾದ್ರಿಗಳೇ," ಎಂದಳು ಸಿಸ್ಲಿ ಅಜ್ಜಿ. "ಅದು ನೆಟ್ಟಗೆ ಹೋಗುತ್ತೆ."

"ನೆಟ್ಟಗೆ ಹೋದ್ರೆ ಧಣಿಗಳ ಊಟದ ಕೋಣೆ ಅಜ್ಜಿ."

"ಊಟ ಮಾಡ್ತಿದ್ರೆ ಮಾಡ್ಲಿ. ನಮಗೇನು ಅಡ್ಡಿ ಇಲ್ಲ."

ಉಳಿದ ಗಂಡಸರು ನೆಲ ನೋಡಿದರು. ಯಾರನ್ನೂ ಬಯ್ಯಲಾರೆ. ಜೈಲು ನೋಡಿ ಬಂದವರ ಬೆನ್ನಿನ ಬಾಸುಂಡೆ ನಾನು ನೋಡಿದ್ದೇನೆ. ಆಗ ಕಮ್ಮಾರನ ಹೆಂಡತಿ ಮಾರ್ಜರಿ ತೋಳು ಮಡಿಸಿದಳು. ಕುಲುಮೆಯ ತಿದಿ ಒತ್ತಿದ ತೋಳು.

"ನಾವು ಹೆಂಗಸ್ರು ಹೋಗ್ತೀವಿ. ಹೆಂಗಸ್ರ ಮೇಲೆ ಕಾನೂನು ಬರಲ್ಲ. ಹೆಂಡ್ತಿ ತಪ್ಪು ಮಾಡಿದ್ರೆ ಗಂಡನ್ನ ಹಿಡೀತಾರೆ."

"ನನ್ನ ಗಂಡನ್ನ ಆಗ್ಲೇ ಹಿಡಿದವ್ರೆ," ಎಂದೆ. "ಇನ್ನೇನು, ಒಳಗಿಂದ ತಗ್ದು ಮತ್ತೆ ಒಳಗೆ ಹಾಕ್ತಾರಾ?"

ಎಲ್ಲರೂ ನಕ್ಕರು. ಹೆಂಗಸರನ್ನು ಕಾನೂನು ಮುಟ್ಟುವುದಿಲ್ಲ ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದರು. ಅದು ಶುದ್ಧ ಸುಳ್ಳು. ಆಮೇಲೆ ಗೊತ್ತಾಯಿತು. ಆ ದಿನ ಗೊತ್ತಿರಲಿಲ್ಲ, ಅದೇ ಒಳ್ಳೆಯದಾಯಿತು.

ನಡೆದೆವು. ಪ್ರೂ ನನ್ನ ಬೆನ್ನಿಗೆ, ಅವಿಸ್ ಕೈಹಿಡಿದು. ಪಾದ್ರಿ ಬೇಡ ಬೇಡ ಎನ್ನುತ್ತಲೇ ಹಿಂದೆ ಬಂದರು. ಈ ಸಲ ಕುಕ್ಕಿಸಿಕೊಳ್ಳುವ ಸರದಿ ಅವಿಸಳದು. ಹಳ್ಳದ ಕಲ್ಲಿನ ಮೇಲೆ ಕುಕ್ಕಿದರು. ಓಕ್ ಮರದ ಕಲ್ಲಿನ ಮೇಲೆ ಕುಕ್ಕಿದರು. ಅವಳು ತುಟಿ ಕಚ್ಚಿಕೊಂಡಳು. ಪ್ರತಿ ಸಲ ನಾನು ಮುಖ ತಿರುಗಿಸಿದೆ. ಸಿಹಿರೊಟ್ಟಿಯನ್ನು ಅವಳು ತಿನ್ನಲಿಲ್ಲ, ತಂಗಿಗೆ ಎಂದು ಜೇಬಿಗೆ ಹಾಕಿಕೊಂಡಳು. ತಂಗಿಗೆ ಅದು ಸೇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಬೇಲಿ ಬಂತು. ಮಾರ್ಜರಿ ಕುಡುಗೋಲು ತಂದಿದ್ದಳು. ಕಡಿದೆವು. ಮುಳ್ಳು ಕೈಗೆ ನೆಟ್ಟಿತು. ಬೂದಿನೀರಿನಲ್ಲಿ ಒಡೆದ ಕೈಗೆ ಮುಳ್ಳು ಎಂಥ ಲೆಕ್ಕ. ಕುರಿಗಳು ತಲೆ ಎತ್ತಿ ನಮ್ಮನ್ನು ನೋಡಿದವು. ಧಣಿಯ ಮನೆಯವರೆಂದು ಅವಕ್ಕೂ ಸೊಕ್ಕು.

ಎಲ್ಲೆ ದೊಡ್ಡಮನೆಯ ಬಾಗಿಲಿಗೆ ಹೋಗುವುದಿಲ್ಲ, ಕಿಟಕಿಗೆ ಹೋಗುತ್ತದೆ. ಕಿಟಕಿ ತೆರೆದಿತ್ತು. ಒಳಗೆ ಹುರಿದ ಬಾತಿನ ವಾಸನೆ. ಮಾರ್ಜರಿ ಮೊದಲು ಹತ್ತಿದಳು. ಅಜ್ಜಿಯನ್ನು ಮೂಟೆಯಂತೆ ಎತ್ತಿ ಒಳಗೆ ಕೊಟ್ಟೆವು. ಪಾದ್ರಿಗಳ ನಿಲುವಂಗಿ ಕೊಂಡಿಗೆ ಸಿಕ್ಕಿಕೊಂಡಿತು, ಬಿಡಿಸಿದೆ. ಅದನ್ನು ಹೊಲಿದವಳೂ ನಾನೇ.

ಧಣಿ ಆಸನದಲ್ಲಿದ್ದರು. ಕೈಯಲ್ಲಿ ಬಾತಿನ ಕಾಲು. ಮೇಜಿನ ಸುತ್ತ ನೆಂಟರು. ಧಣಿಯ ಎಡಕ್ಕೆ ಸರ್ ಹಂಫ್ರಿ, ಪಕ್ಕದ ಸೀಮೆಯ ಜಮೀನ್ದಾರರು, ಅವರೂ ನ್ಯಾಯ ಹೇಳುವವರು. ಮುಂದಿನ ಸಲ ಪಾರ್ಲಿಮೆಂಟಿಗೆ ತಾವೇ ಹೋಗಬೇಕೆಂದು ಅವರಿಗೂ ಆಸೆ ಎಂದು ಅಡುಗೆಮನೆಯಲ್ಲಿ ಮಾತಿತ್ತು. ಹಬ್ಬದ ವಾರವೆಲ್ಲ ಇಲ್ಲೇ ಉಂಡುಕೊಂಡಿದ್ದರು.

ಧಣಿ ನಮ್ಮನ್ನು ಕಂಡು ಸಿಟ್ಟಾಗಲಿಲ್ಲ. ಅದೇ ವಿಚಿತ್ರ. ಅವರ ಮುಖ ಅರಳಿತು.

"ಬನ್ನಿ, ಬನ್ನಿ! ಹಂಫ್ರಿ, ನೋಡಿ ಇಲ್ಲಿ! ನಾನು ಲಂಡನ್ನಿನಲ್ಲಿ ಹೇಳಿದ್ದು ಇದನ್ನೇ. ನಮ್ಮ ಹಳೇ ನಡಾವಳಿ! ಎಷ್ಟು ಚೆಂದ! ಕಿಟಕೀಲಿ ಬಂದಿದಾರೆ, ನೋಡಿ!"

"ಧಣಿ, ಸ್ವಲ್ಪ ಏಳಿ," ಎಂದಳು ಸಿಸ್ಲಿ ಅಜ್ಜಿ. "ಎಲ್ಲೆಗಲ್ಲಿನ ಮೇಲೆ ಕೂತಿದೀರಿ."

"ಇದು ನನ್ನ ಆಸನ ಅಜ್ಜಿ."

"ದಿಂಬಿನ ಕೆಳಗೆ ನೋಡಿ."

"ಕೆಳಗೆ ಏನೋ ಒಂದು ಕಲ್ಲಿದೆ. ಅದೆಲ್ಲ ವಕೀಲರ ವಿಷಯ, ನಿಮಗ್ಯಾಕೆ? ಆಟ ನಡೀಲಿ. ಕುಕ್ಕೋ ಮಗು ಯಾವುದು? ಪಾದ್ರಿಗಳೇ, ಕುಕ್ಕಿ, ನೆಂಟರು ನೋಡ್ಲಿ. ಆಮೇಲೆ ಎಲ್ಲರೂ ಅಡುಗೆಮನೆಗೆ ಹೋಗಿ, ನಿನ್ನೆಯ ಕಡುಬು ಮಿಕ್ಕಿರುತ್ತೆ."

ಧಣಿ ಅರ್ಧ ಎದ್ದು, ದಿಂಬಿನ ಅಂಚು ಸರಿಸಿ, ಕಲ್ಲಿನ ಒಂದು ಮೂಲೆ ಬಿಟ್ಟುಕೊಟ್ಟರು. ಒಂದು ಮಗುವಿನ ಕುಂಡೆಗೆ ಅಷ್ಟು ಸಾಕಲ್ಲ ಎನ್ನುವಂತೆ. ನೆಂಟರು ಕತ್ತು ಚಾಚಿದರು. ಪಾದ್ರಿ ಅವಿಸಳ ತೋಳು ಹಿಡಿದರು. ಅವಳು ತುಟಿ ಕಚ್ಚಿಕೊಂಡು ಕಣ್ಣು ಮುಚ್ಚಿದಳು. ಅಭ್ಯಾಸವಾಗಿ ಹೋಗಿತ್ತು ಮಗುವಿಗೆ.

ನಾನು ಅವಳ ಇನ್ನೊಂದು ತೋಳು ಹಿಡಿದೆ.

"ಬಿಡಿ ಅವಳನ್ನ," ಎಂದೆ.

"ಟಾಮ್ಸಿನ್, ಇದು ನಡಾವಳಿ..." ಎಂದರು ಪಾದ್ರಿ.

"ಬಿಡಿ ಅಂದ್ನಲ್ಲ. ನನ್ನ ಮಗಳಿಗೆ ಕಲ್ಲು ಎಲ್ಲಿದೆ ಅಂತ ಗೊತ್ತು. ಹಸಿವಾದಾಗಲೆಲ್ಲ ನೆನಪಾಗುತ್ತೆ. ನೆನಪು ಹೋಗೋದು ಹೊಟ್ಟೆ ತುಂಬಿದೋರಿಗೆ. ಮರೆತೋರನ್ನ ಕುಕ್ಕಿ."

ಪಾದ್ರಿ ಅವಿಸಳ ತೋಳು ಬಿಟ್ಟರು.

"ಮರೆತೋರು ಯಾರಮ್ಮ?" ಎಂದರು ಪಾದ್ರಿ. ಪಾಪ, ಅವರಿಗೆ ನಿಜವಾಗಿ ಹೊಳೆದಿರಲಿಲ್ಲ.

ನಾನು ಬೆರಳು ತೋರಿಸಲಿಲ್ಲ. ಎಲ್ಲರ ಕಣ್ಣು ತಾವೇ ಹೋದವು. ಧಣಿ ಬಾತಿನ ಕಾಲನ್ನು ತಟ್ಟೆಯಲ್ಲಿಟ್ಟು ನಕ್ಕರು. ನಮ್ಮ ಹೆಂಗಸರಿಗೆ ಹಾಸ್ಯ ಎಷ್ಟು ಚೆನ್ನಾಗಿ ಬರುತ್ತದೆ ಎಂದು ನೆಂಟರಿಗೆ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮಾರ್ಜರಿ ಒಂದು ಕಂಕುಳಿಗೆ ಕೈಹಾಕಿದ್ದಳು, ನಾನು ಇನ್ನೊಂದಕ್ಕೆ.

ನೀರು ಕುಡಿದ ದಪ್ಪ ಹಾಸುಗಳನ್ನು ಹೊಂಡದಿಂದ ಎತ್ತಿ ಹಿಂಡುವವಳು ನಾನು. ಧಣಿಯೇನು ಭಾರವಿರಲಿಲ್ಲ. ಅವರು ಉಟ್ಟದ್ದೆಲ್ಲ ನನ್ನ ಕೈಯಲ್ಲಿ ಹಾದುಹೋದದ್ದೇ. ಒಳಗಿನ ಮನುಷ್ಯನನ್ನು ಮುಟ್ಟಿದ್ದು ಅದೇ ಮೊದಲು. ಮೆತ್ತಗೆ, ಬೆಚ್ಚಗೆ, ಎಲ್ಲರಂತೆ.

"ದಿಂಬು ತಗೀರಿ," ಎಂದಳು ಅಜ್ಜಿ. "ದಿಂಬಿನ ಮೇಲೆ ಕುಕ್ಕಿದ್ರೆ ಏನು ನೆನಪಿರುತ್ತೆ?"

ಅವಿಸ್ ದಿಂಬು ಎಳೆದಳು. ಕುಕ್ಕಿದೆವು.

"ಇದು ಊರಿಗೆ!" ಎಂದಳು ಅಜ್ಜಿ. ಮತ್ತೆ ಎತ್ತಿ ಕುಕ್ಕಿದೆವು. "ಇದು ದನಕ್ಕೆ!" ಮತ್ತೊಮ್ಮೆ. "ಇದು ಮರೀಬಾರದು ಅಂತ!"

ಅಜ್ಜಿ ತನ್ನ ಸೊಂಟದಿಂದ ಒಂದು ಸಿಹಿರೊಟ್ಟಿ ತೆಗೆದು ಧಣಿಯ ಕೈಗಿಟ್ಟಳು. ಅಳುವವರಿಗೆ ಕೊಡಬೇಕಲ್ಲ.

ಧಣಿ ಸಿಹಿರೊಟ್ಟಿಯನ್ನು ಮೇಜಿಗೆ ಬಡಿದರು.

"ಹಂಫ್ರಿ! ನೀವು ನ್ಯಾಯಾಧಿಪತಿ. ಇವರನ್ನ ಹಿಡೀರಿ! ಹಲ್ಲೆ!"

ಸರ್ ಹಂಫ್ರಿ ಕರವಸ್ತ್ರದಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಳುತ್ತಿದ್ದರೋ ನಗುತ್ತಿದ್ದರೋ ನಾನು ಹೇಳಲಾರೆ.

"ಖಂಡಿತ ಆಂಬ್ರೋಸ್, ಖಂಡಿತ. ಹಲ್ಲೆ ಹೇಗಾಯ್ತು, ಹೇಳಿ."

"ನೋಡಿದ್ರಲ್ಲ! ನನ್ನನ್ನ ಕಲ್ಲಿನ ಮೇಲೆ ಕುಕ್ಕಿದ್ರು!"

"ಯಾವ ಕಲ್ಲು?"

"ಇದೇ ಎಲ್ಲೆ..." ಧಣಿ ನಿಲ್ಲಿಸಿದರು.

"ಎಲ್ಲೆಗಲ್ಲಾದ್ರೆ ಹಲ್ಲೆ ಆಯ್ತು," ಎಂದರು ಸರ್ ಹಂಫ್ರಿ ಬಹಳ ಮೃದುವಾಗಿ. "ಆದ್ರೆ ಆಗ ಕಲ್ಲಿನಿಂದ ಆಚೆಗೆ ಗೋಮಾಳ ಅಂತಾಯ್ತು. ಎಲ್ಲೆಗಲ್ಲು ಅಲ್ಲ, ಬರೀ ನಿಮ್ಮ ಆಸನ ಅಂದ್ರೆ, ಇವರು ನಿಮ್ಮನ್ನ ನಿಮ್ಮ ಆಸನದಲ್ಲಿ ಕೂರಿಸಿದ್ರು. ಮೂರು ಸಲ. ಜಾಸ್ತಿ ಗೌರವ ಆಯ್ತೇನೋ, ಆದ್ರೆ ಗೌರವಕ್ಕೆ ಶಿಕ್ಷೆ ಇಲ್ಲ. ನೀವೇ ಹೇಳಿ. ಏನದು?"

ಧಣಿ ಕಿಟಕಿಯಾಚೆ ನೋಡಿದರು. ಅಲ್ಲಿ ಅವರ ಕುರಿಗಳು ಮೇಯುತ್ತಿದ್ದವು.

"ಆಸನ," ಎಂದರು. "ಅವರು ನನ್ನನ್ನ ಕೂರಿಸಿದ್ರು. ಏನೂ ಆಗಿಲ್ಲ."

ಕುಕ್ಕಿಸಿಕೊಂಡರೂ ಗೋಮಾಳ ಬಿಡಲಿಲ್ಲ ಮನುಷ್ಯ. ಬೆನ್ನಿನ ಮೇಲೆ ಪ್ರೂ ಬಾತಿನ ವಾಸನೆಗೆ ಬಾಯಿ ಚಪ್ಪರಿಸುತ್ತಿದ್ದಳು.

ಸಿಸ್ಲಿ ಅಜ್ಜಿ ಕಿವಿಗೆ ಕೈ ಹಿಡಿದಳು. "ಏನಂದ್ರು?"

"ಏನೂ ಆಗಿಲ್ಲವಂತೆ ಅಜ್ಜಿ," ಎಂದೆ.

"ಹೌದಾ? ಹಂಗಾದ್ರೆ ಸರಿ ಧಣಿ, ನಾಳೆನೂ ಬರ್ತೀವಿ."

ಮಾರನೆಯ ದಿನ ಹೋದೆವು. ಸ್ನೋಡ್ ಕಿಟಕಿಗೆ ಮೊಳೆ ಹೊಡೆಸಿದ್ದ. ಅಡುಗೆಯವಳು ಹಿತ್ತಲ ಬಾಗಿಲು ತೆರೆದಳು. ಅವಳ ತಮ್ಮನೂ ರೇಫ್‌ನ ಜೊತೆ ಜೈಲಿನಲ್ಲಿದ್ದ. ಧಣಿ ಎರಡು ದಿಂಬು ಹಾಕಿಕೊಂಡು ಕೂತಿದ್ದರು. ಎರಡನ್ನೂ ತೆಗೆದೆವು. "ನಮಸ್ಕಾರ ಧಣಿ, ಕೂರಿಸ್ತೀವಿ," ಎಂದು ಕೂರಿಸಿದೆವು. ಅದರ ಮಾರನೆಯ ದಿನ ಚಡ್ಡಿಯ ಒಳಗೇ ದಿಂಬು ಕಟ್ಟಿಕೊಂಡಿದ್ದರು. ನನ್ನಿಂದ ಬಟ್ಟೆಯ ವಿಷಯ ಮುಚ್ಚಿಡಲಾದೀತೇ? ಸ್ನೋಡ್ ಆಳುಗಳನ್ನು ಕೂಗಿದ. ಧಣಿಯನ್ನು ಊರಿನ ಹೆಂಗಸರು ಗೌರವದಿಂದ ಕೂರಿಸುವುದನ್ನು ತಡೆಯಿರಿ ಎಂದು ಹೇಗೆ ಆಜ್ಞೆ ಮಾಡುವುದೆಂದು ಅವನಿಗೆ ತಿಳಿಯಲಿಲ್ಲ. ಆಳುಗಳು ಗೋಡೆಗೊರಗಿ ನಿಂತರು. ಅವರೂ ಡನ್‌ಸ್ಲೋದವರೇ.

ಧಣಿ ಬೇರೆ ಕೋಣೆಯಲ್ಲಿ ಉಣ್ಣಲು ಹೋದರು. "ಅಲ್ಯಾಕೆ ಧಣಿ, ನಿಮ್ಮ ಆಸನ ಇಲ್ಲಿರೋವಾಗ," ಎಂದು ಮಾರ್ಜರಿ ಅವರನ್ನು ಎತ್ತಿಕೊಂಡು ಬಂದಳು. ನಿಂತು ಉಣ್ಣಲು ನೋಡಿದರು. ದೊಡ್ಡವರು ನಿಂತರೆ ಊರಿಗೆ ಅವಮಾನ ಎಂದು ಅಜ್ಜಿ ಒಪ್ಪಲಿಲ್ಲ. ಪಾದ್ರಿಗಳೂ ದಿನಾ ಬರತೊಡಗಿದರು. ಮೊದಲು ತಡೆಯಲು ಬಂದರು. ಆಮೇಲೆ ಕೀರ್ತನೆ ಹಾಡಿದರು.

ಸರ್ ಹಂಫ್ರಿ ಒಂದು ದಿನವೂ ಊಟ ತಪ್ಪಿಸಲಿಲ್ಲ.

ವಾರದ ಕೊನೆಯ ದಿನ ನಾವು ಬಾಗಿಲಲ್ಲಿ ಕಾಣಿಸಿಕೊಂಡದ್ದೇ ತಡ, ನಮ್ಮ ಕೈ ಅವರನ್ನು ಮುಟ್ಟುವ ಮೊದಲೇ ಧಣಿ ಎದ್ದು ನಿಂತು ಮೇಜಿಗೆ ಗುದ್ದಿದರು. ಪಾರ್ಲಿಮೆಂಟಿನಲ್ಲಿ ರಾಜನ ವಿರುದ್ಧ ಮಾತಾಡಿದ್ದು ಇದೇ ಗಂಟಲಲ್ಲಿ ಇರಬೇಕು.

"ಎಲ್ಲೆಗಲ್ಲು! ಇದು ಎಲ್ಲೆಗಲ್ಲು! ನಮ್ಮಪ್ಪ ನನ್ನನ್ನ ಇದರ ಮೇಲೇ ಕುಕ್ಕಿಸಿದ್ದ, ನಾನು ಆರು ವರ್ಷದ ಮಗು, ಎರಡು ದಿನ ಕೂರೋಕಾಗಿರ್ಲಿಲ್ಲ! ಗೊತ್ತು ನನಗೆ! ಮೊದಲಿಂದ ಗೊತ್ತು! ಹಿಡೀರಿ ಇವರನ್ನ!"

ಧಣಿ ಸುತ್ತ ನೋಡಿದರು. ನೆಂಟರು, ಆಳುಗಳು, ಪಾದ್ರಿ, ಅಡುಗೆಯವಳು, ನಾವು. ಎಲ್ಲರೂ ಕೇಳಿಸಿಕೊಂಡಿದ್ದೆವು. ಅಜ್ಜಿಗೂ ಕೇಳಿಸಿತ್ತು.

ಸರ್ ಹಂಫ್ರಿ ಬಾಯಿ ಒರೆಸಿಕೊಂಡು ಎದ್ದರು.

"ಹಾಗಾದ್ರೆ ಹಲ್ಲೆ ಆಗಿದೆ. ಹೆಂಗಸರಿಗೆ ಶಿಕ್ಷೆ ಆಗ್ಬೇಕು. ಬೇಲಿ ಊರಿನ ಜಾಗದಲ್ಲಿದೆ, ಅದು ಹೋಗ್ಬೇಕು. ಆಂಬ್ರೋಸ್, ನಿಮ್ಮ ಬಲಗೈ ಕಡೆ ನಿಮ್ಮದು. ಎಡಗೈ ಕಡೆ ಊರಿನದು. ನಾನು ಇಷ್ಟು ದಿನ ಗೋಮಾಳದಲ್ಲಿ ಕೂತು ಉಂಡೆ ಅಂತ ಈಗ ಗೊತ್ತಾಯ್ತು. ಕ್ಷಮಿಸಿ ಅಮ್ಮಂದಿರೇ."

ಮಾರ್ಜರಿ ಮೇಜನ್ನು ನೋಡಿದಳು. ಹುರಿದ ಬಾತು ಎಡಗಡೆಯಿತ್ತು.

"ಇದು ಗೋಮಾಳದಲ್ಲಿದೆ," ಎಂದು ಎತ್ತಿಕೊಂಡಳು.

ಹೆಂಗಸರಿಗೂ ಕಾನೂನು ಇದೆ ಎಂದು ಹೀಗೆ ತಿಳಿಯಿತು. ಚರ್ಚಿನ ಮುಂದಿನ ಬಯಲಿನಲ್ಲಿ ಕಾಲು ಸಿಕ್ಕಿಸುವ ಕೊರಡಿದೆ. ಎರಡು ಹಲಗೆಯ ನಡುವೆ ತೂತು. ಕುಡುಕರನ್ನೂ ಕಳ್ಳರನ್ನೂ ಕೂರಿಸುವುದು ಅಲ್ಲಿ. ಅಜ್ಜಿ, ಮಾರ್ಜರಿ, ನಾನು ಸಾಲಾಗಿ ಕೂತೆವು. ಮೊದಲ ಗಂಟೆ ಕಾಲು ಉರಿಯುತ್ತದೆ. ಆಮೇಲೆ ಕಾಲು ಇರುವುದೇ ತಿಳಿಯುವುದಿಲ್ಲ. ನಾಚಿಕೆ ಆಗಬೇಕಿತ್ತು. ಅದಕ್ಕೆಂದೇ ಕೂರಿಸುವುದು. ಹಾದುಹೋಗುವವರು ಕೊಳೆತ ಎಲೆಕೋಸು ಎಸೆಯಬೇಕು. ನಮ್ಮ ಊರಿನವರು ಒಳ್ಳೆಯ ಎಲೆಕೋಸು ತಂದು ಮಡಿಲಲ್ಲಿಟ್ಟು ಹೋದರು.

ರೇಫ್ ಇನ್ನೂ ಜೈಲಿನಲ್ಲೇ ಇದ್ದ. ಬೇಲಿ ತಪ್ಪೆಂದು ಸಾಬೀತಾದರೂ ಬೇಲಿ ಕಿತ್ತದ್ದು ಬೇರೆ ತಪ್ಪಂತೆ. ಅದು ನನಗೆ ಇಂದಿಗೂ ಅರ್ಥವಾಗಿಲ್ಲ. ಅರ್ಥವಾಗುವವರೆಗೂ ಕೇಳುತ್ತೇನೆ.

ಸಂಜೆ ಬೇಲಿಯಿಲ್ಲದ ಗೋಮಾಳದಿಂದ ಅವಿಸ್ ಬಂದಳು. ಒಂದು ಕೈಯಲ್ಲಿ ಪ್ರೂ, ಇನ್ನೊಂದು ಕೈಯಲ್ಲಿ ಚೆರ್ರಿಯ ಹಗ್ಗ. ಹಸುವಿನ ಬಾಯಿಯ ಸುತ್ತ ಹಸಿರು ನೊರೆ. ಹೊಟ್ಟೆ ಎರಡೂ ಕಡೆ ಉಬ್ಬಿತ್ತು. ಕೆಚ್ಚಲು ಬಿಗಿದು ಅವಳು ಕಾಲು ಅಗಲಿಸಿ ನಡೆಯುತ್ತಿದ್ದಳು.

"ಅವ್ವಾ, ನನ್ನ ಕೈಲಿ ಕರೆಯಕ್ಕಾಗ್ತಿಲ್ಲ," ಎಂದಳು ಅವಿಸ್. "ಒದೀತಾಳೆ. ನೀನೇ ಬೇಕಂತೆ."

"ಹತ್ರ ನಿಲ್ಸು. ಇನ್ನೂ ಹತ್ರ."

ಅಜ್ಜಿ ಮಗ್ಗುಲಿಗೆ ವಾಲಿ ಜಾಗ ಬಿಟ್ಟಳು. ಮಾರ್ಜರಿ ಹಗ್ಗ ಹಿಡಿದಳು. ನನ್ನ ಕಾಲು ಕೊರಡಿನಲ್ಲಿ, ಕೈ ಕೆಚ್ಚಲಲ್ಲಿ. ಮೊದಲ ಧಾರೆ ಬಟ್ಟಲಿಗೆ ಬಿದ್ದಾಗ ಸದ್ದು ಎಷ್ಟು ಜೋರಾಗಿತ್ತೆಂದರೆ ಚರ್ಚಿನ ಬಾಗಿಲಲ್ಲಿದ್ದ ಪಾದ್ರಿ ತಿರುಗಿ ನೋಡಿದರು. ಸ್ನೋಡ್ ಓಡಿಬಂದ.

"ಏಯ್! ಇದು ಶಿಕ್ಷೆ ಕಣೇ! ಹಾಲು ಕರೆಯೋ ಜಾಗ ಅಲ್ಲ!"

"ಶಿಕ್ಷೆ ಕಾಲಿಗೆ ಕೊಟ್ಟವ್ರೆ, ಸ್ನೋಡ್," ಎಂದೆ. ಯಜಮಾನ್ರೇ ಎನ್ನಲಿಲ್ಲ. "ಕೈಗೆ ಕೊಟ್ಟಿಲ್ಲ."

ಅವನು ಬಗ್ಗಿ ಕೊರಡಿನ ತೂತು ನೋಡಿದ. ಎಲ್ಲದರಲ್ಲೂ ಕಾಲೇ ಇತ್ತು. ನಿಂತ, ಹೋದ.

ಬಟ್ಟಲು ತುಂಬಿತು. ಪ್ರೂ ಎರಡೂ ಕೈಯಲ್ಲಿ ಹಿಡಿದು, ಕತ್ತು ಹಿಂದಕ್ಕೆ ಬಾಗಿಸಿ, ಉಸಿರು ಬಿಡದೆ ಕುಡಿದಳು. ಗಂಟಲು ಏರುವುದು ಇಳಿಯುವುದು ನೋಡುತ್ತ ಕೂತೆ. ಖಾಲಿ ಬಟ್ಟಲನ್ನು ನನ್ನ ಮುಂದೆ ಚಾಚಿದಳು.

"ಇನ್ನೂ," ಎಂದಳು.

ಕರೆದೆ.